ನಗುವಿಗೊಂದು ದಿಂಬು

ಹಾಸಿಗೆಯ ಸುತ್ತ ಎಳೆದಿದ್ದ ನೀಲಿ ಪರದೆ ಸರಕ್ಕನೆ ಸರಿಯಿತು.

ಮಲಗಿದ್ದವಳು ತಲೆಯೆತ್ತಿದಳು. ಎದುರಿಗೆ ಗಂಡ.

ದಿನವೂ ನೋಡಿದ ಮುಖವೇ. ಅದೇ ಕೆದರಿದ ಕೂದಲು, ಅದೇ ಮೂಗಿನ ತುದಿಗೆ ಜಾರಿದ ಕನ್ನಡಕ. ಆದರೆ ಇವತ್ತು ಅವನು ಮೊದಲ ಬಾರಿ ಅಪ್ಪನಾಗಿ ಅವಳೆದುರು ನಿಂತಿದ್ದ. ಹಿಂದಿನ ದಿನ ಆಪರೇಷನ್ ಮುಗಿದಾಗ ಅವಳಿಗೆ ಅರೆ ಮಂಪರು. ಅವನು ಬಂದು ಹಣೆ ಮುಟ್ಟಿದ್ದೂ ಕನಸೋ ನಿಜವೋ ಗೊತ್ತಾಗಿರಲಿಲ್ಲ.

"ಬಾ..." ಅಂದಳು ಮೆಲ್ಲಗೆ. "ನಿನ್ನ ಮಗಳನ್ನ ನೋಡು."

ಅವನು ತೊಟ್ಟಿಲ ಮೇಲೆ ಬಾಗಿದ. ಕನ್ನಡಕ ಸರಿ ಮಾಡಿಕೊಂಡು ಕೂಸಿನ ಕೆನ್ನೆ, ಕಿವಿ, ಮುಷ್ಟಿ ಎಲ್ಲವನ್ನೂ ಪರೀಕ್ಷಿಸುವವನಂತೆ ನೋಡಿದ. ಆಮೇಲೆ ಸೋಫಾ ಹೊಲಿಯುವ ತನ್ನ ಕಸುಬಿನ ಗತ್ತಿನಲ್ಲಿ, ಗಂಭೀರವಾಗಿ ತಲೆಯಾಡಿಸಿ ಹೇಳಿದ.

"ಎಂಥಾ ಕೆಲಸಗಾರಿಕೆ ಕಣೇ! ಇಷ್ಟು ಚೆನ್ನಾಗಿ ಕವರ್ ಹಾಕಿದ್ದಾರೆ, ಒಂದು ಹೊಲಿಗೇನೂ ಕಾಣ್ತಿಲ್ಲ. ಜಿಪ್ ಎಲ್ಲಿಟ್ಟಿದ್ದಾರೆ?"

ಅವಳು ನಕ್ಕಳು.

ನಕ್ಕಿದ್ದೇ ತಡ, ಹೊಟ್ಟೆಯ ಕೆಳಗೆ ಯಾರೋ ಕತ್ತರಿ ಆಡಿಸಿದಂತಾಯಿತು. "ಅಮ್ಮಾ!" ಎಂಬ ಚೀರಾಟ ಇಡೀ ವಾರ್ಡಿಗೆ ಕೇಳಿಸಿತು. ನಗು ನಿಲ್ಲುತ್ತಿಲ್ಲ, ನೋವು ತಡೆಯಲಾಗುತ್ತಿಲ್ಲ, ಕಣ್ಣಲ್ಲಿ ಧಾರಾಕಾರ ನೀರು!

ವಾರ್ಡಿನ ಸಿಸ್ಟರ್ ಓಡಿ ಬಂದಳು. "ಯಾರ್ರೀ ಇವರನ್ನ ನಗಿಸಿದ್ದು? ಹೊಲಿಗೆ ಇನ್ನೂ ಹಸಿ ಇದೆ. ನಗಿಸಬೇಡಿ ಇವರನ್ನ!"

ಅವಳು ಕಣ್ಣೊರೆಸಿಕೊಂಡು ಗಂಡನ ಕಡೆ ನೋಡಿದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಯಿ ಅರ್ಧ ತೆರೆದಿತ್ತು. ಅವನು ಮೆಲ್ಲಗೆ ಹಿಂದೆ ಸರಿದು, ಪರದೆ ಎಳೆದು, ಹೊರಗೆ ಹೋಗಿಬಿಟ್ಟ.

ಅಷ್ಟೇ. ಅವತ್ತಿನಿಂದ ಅವನು ಅವಳೆದುರು ಒಂದೇ ಒಂದು ತಮಾಷೆಯ ಮಾತಾಡಲಿಲ್ಲ.

ಅದರಲ್ಲೇನು ಮಹಾ ಎಂದು ಯಾರಾದರೂ ಕೇಳಬಹುದು. ಆದರೆ ಅವರಿಬ್ಬರ ಪ್ರೀತಿ ಹುಟ್ಟಿದ್ದೇ ನಗುವಿನಿಂದ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವನು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಹೊದಿಕೆ ಹೊಲಿಯುವವನು. ಗಿರಾಕಿಗಳು ಕಾಯುತ್ತ ಕೂರುವ ಕುರ್ಚಿ ಹರಿದಾಗ ಅಂಗಡಿಯ ಯಜಮಾನರು ಅವನನ್ನು ಕರೆಸಿದ್ದರು. ಅಲ್ಲೇ ಮೂಲೆಯಲ್ಲಿ ಕೂತು ಹಸಿರು ಮಖಮಲ್ಲಿನ ಹೊದಿಕೆ ಹೊಲಿದ. ಒಂದು ಬದಿಯ ಹೊಲಿಗೆ ಹಾವು ಹರಿದಂತೆ ಸೊಟ್ಟಗಾಗಿತ್ತು.

"ನಿಮಗೆ ಕಣ್ಣು ಪರೀಕ್ಷೆ ಆಗ್ಬೇಕು," ಅಂದಿದ್ದಳು ಅವಳು, ಕೋಪದಲ್ಲಿ.

"ಮಾಡಿ," ಎಂದು ಕೂತೇಬಿಟ್ಟ. "ಎಲ್ಲಿ ನೋಡ್ಲಿ?"

"ಎದುರಿನ ಬೋರ್ಡ್ ನೋಡಿ. ನನ್ನನ್ನಲ್ಲ! ಈಗ ಹೇಳಿ, ಈ ಗ್ಲಾಸಲ್ಲಿ ಚೆನ್ನಾಗಿ ಕಾಣುತ್ತಾ, ಆ ಗ್ಲಾಸಲ್ಲಾ?"

"ನೀವು ಯಾವುದರಲ್ಲಿ ಕೋಪ ಮಾಡ್ಕೊಳ್ಳದ ಹಾಗೆ ಕಾಣ್ತೀರೋ, ಅದನ್ನೇ ಹಾಕಿಬಿಡಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವನಿಗೆ ಅವಳು 'ಕನ್ನಡಕ' ಆದಳು, ಅವಳಿಗೆ ಅವನು 'ಸೋಫಾ ಸಾಹೇಬ'. ಮದುವೆಯಾದ ಮೇಲೂ ಆ ಹೆಸರುಗಳು ಬದಲಾಗಲಿಲ್ಲ. ಜಗಳವಾದರೆ ಊಟದ ಹೊತ್ತಿಗೆ ಅವನೊಂದು ಮಾತು ಎಸೆಯುತ್ತಿದ್ದ, ಅವಳು ನಕ್ಕುಬಿಡುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯಿತು. ಅವರ ಮನೆಯಲ್ಲಿ ರಾಜಿ ಪಂಚಾಯಿತಿ ಅಂದರೆ ಅದೇ.

ಅಂಥವನು ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಆಸ್ಪತ್ರೆಯಲ್ಲೇ ಇನ್ನೊಂದು ಘಟನೆ ಆಗಿತ್ತು. ಸಿಸ್ಟರ್ ಅವಳ ಗಾಯದ ಪಟ್ಟಿ ಬದಲಿಸುವಾಗ ಅವನು ಅಲ್ಲೇ ನಿಂತಿದ್ದ. ಪಟ್ಟಿ ಬಿಚ್ಚಿದೊಡನೆ ಒಮ್ಮೆ ಆ ಕಡೆ ನೋಡಿದವನು ತಟ್ಟನೆ ಮುಖ ತಿರುಗಿಸಿ ಗೋಡೆಯ ಕಡೆ ನಿಂತುಬಿಟ್ಟ. ಅವಳು ಅದನ್ನು ನೋಡಿದ್ದಳು.

'ಅಸಹ್ಯವಾಯಿತೇನೋ...' ಅಂದುಕೊಂಡಳು. ಆ ಯೋಚನೆ ಬಂದ ಮೇಲೆ ಹೋಗಲೇ ಇಲ್ಲ.

ಮನೆಗೆ ಬಂದರು. ಕೆಳಗೆ ಅವನ ವರ್ಕ್‌ಶಾಪ್, ಮೇಲೆ ಮನೆ. ಮೆಟ್ಟಿಲು ಹತ್ತುವಾಗ ಅವನು ಅವಳನ್ನು ಗಾಜಿನ ಕಪಾಟು ಸಾಗಿಸುವಂತೆ ಸಾಗಿಸಿದ. ಒಳಕೋಣೆಯ ಮಂಚದ ಮೇಲೆ ಮಲಗಿಸಿ, ಹೊದಿಕೆ ಹೊದಿಸಿ ಹೇಳಿದ.

"ಏಳ್ಬೇಡ. ಅಲ್ಲಾಡ್ಬೇಡ. ಏನು ಬೇಕಾದ್ರೂ ಅಮ್ಮನ್ನ ಕರಿ."

"ಬಚ್ಚಲಿಗೆ?"

"ಅಷ್ಟಕ್ಕೆ ಮಾತ್ರ ಏಳು. ಕೋಣೆಯಲ್ಲೇ ಇದೆಯಲ್ಲ."

ಹೇಳಿ ಹೊರಟ. ಬಾಗಿಲ ಹತ್ತಿರ ಅವನು ತಿರುಗುತ್ತಾನೆ, ಏನಾದರೂ ತರಲೆ ಮಾತು ಬಿಡುತ್ತಾನೆ ಎಂದು ಅವಳು ಕಾದಳು... ಅವನು ತಿರುಗಲಿಲ್ಲ.

ಊಟ, ಬಿಸಿನೀರು, ಮಗುವಿನ ಬಟ್ಟೆ, ಯಾವುದಕ್ಕೂ ಕೊರತೆಯಿರಲಿಲ್ಲ. ತಟ್ಟೆ ತಂದಿಡುತ್ತಿದ್ದ. ದಿಂಬು ಸರಿ ಮಾಡುತ್ತಿದ್ದ. "ನೋವಿದೆಯಾ?" ಎಂದು ನೆಲ ನೋಡಿಕೊಂಡು ಕೇಳುತ್ತಿದ್ದ.

"ಇಲ್ಲ," ಅನ್ನುತ್ತಿದ್ದಳು.

ಸುಳ್ಳು. ನೋವಿತ್ತು. ದಿನದಿನಕ್ಕೆ ಕಡಿಮೆಯಾಗಬೇಕಾದದ್ದು ಹಟ ಹಿಡಿದು ಕೂತಿತ್ತು. ಕೆಮ್ಮಿದರೆ ನೋವು, ಸೀನಿದರೆ ಪ್ರಾಣವೇ ಬಾಯಿಗೆ. ಮಗುವನ್ನು ಎತ್ತಿ ಎದೆಗೆ ಹಿಡಿದು ಕೂತರೆ, ಹಾಲು ಕುಡಿಸಿ ಮುಗಿಸುವ ಮೊದಲೇ ಬೆವರು. "ಅತ್ತೆ, ಸ್ವಲ್ಪ ಹಿಡ್ಕೊಳ್ತೀರಾ..." ಎಂದು ಮಗಳನ್ನು ಬೇರೆ ಕೈಗೆ ಕೊಡುವಾಗಲೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಡಾಕ್ಟರು ನೋವಿನ ಮಾತ್ರೆ ಕೊಟ್ಟಿದ್ದರು. ಅದು ಮಂಚದ ಪಕ್ಕದ ಡ್ರಾಯರಿನಲ್ಲಿ ಹಾಗೇ ಮಲಗಿತ್ತು. ಹಿಂದೊಮ್ಮೆ ಅಂಗಡಿಗೆ ಬಂದ ಗಿರಾಕಿಯೊಬ್ಬಳು, ಮಾತ್ರೆ ನುಂಗಿದರೆ ಅದೆಲ್ಲ ಹಾಲಿನಲ್ಲಿ ಮಗುವಿಗೆ ಹೋಗುತ್ತದೆ ಅಂದಿದ್ದಳು. 'ನಾನು ತಡ್ಕೊಳ್ತೀನಿ. ಅವಳಿಗೇನೂ ಆಗಬಾರದು...' ಎಂದು ಹಲ್ಲು ಕಚ್ಚಿ ಮಲಗುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಬೇಕಾದವನು ಮುಖವನ್ನೇ ನೋಡುತ್ತಿರಲಿಲ್ಲವಲ್ಲ!

ಒಂದು ಮಧ್ಯಾಹ್ನ ಹಜಾರದಿಂದ ನಗು ಕೇಳಿಸಿತು.

ಅತ್ತೆಯ ನಗು. ನಡುವೆ ಅವನ ದನಿ, ಅದೇ ಹಳೆಯ ದನಿ!

"ನೋಡಮ್ಮ, ನಮ್ಮ ಗುಂಡುಸೂಜಿ ಆಕಳಿಸೋದನ್ನ. ಇಷ್ಟೇ ಇಷ್ಟು ಬಾಯಿ. ಆದ್ರೆ ಅತ್ತರೆ ನಾಲ್ಕು ಬೀದಿ ಎದ್ದು ಕೂರುತ್ತೆ! ಯಾರ ಥರ ಹೇಳು?"

"ಇನ್ಯಾರ ಥರ? ನಿನ್ನ ಥರ. ನೀನು ಹುಟ್ಟಿದಾಗ ಪಕ್ಕದ ಮನೆಯವರು ಮನೆ ಖಾಲಿ ಮಾಡಿದ್ರು."

ಇಬ್ಬರೂ ನಕ್ಕರು. ಒಳಗೆ ಮಂಚದ ಮೇಲಿದ್ದವಳು ಕಿವಿಗೊಟ್ಟಳು. ಗುಂಡುಸೂಜಿ! ಮಗಳಿಗೆ ಅಡ್ಡಹೆಸರು ಇಟ್ಟಿದ್ದು ಕೂಡ ಅವಳಿಗೆ ಗೊತ್ತಿರಲಿಲ್ಲ.

ಅವಳು ಕಷ್ಟಪಟ್ಟು ಎದ್ದಳು. ಗೋಡೆ ಹಿಡಿದು ಹೆಜ್ಜೆ ಹಾಕಿ, ಬಾಗಿಲು ಒಳಗೆಳೆದುಕೊಂಡು ಹೊಸ್ತಿಲಲ್ಲಿ ನಿಂತಳು.

ಹಜಾರ ಗಪ್‌ಚಿಪ್!

ಅವನು ಅವಳನ್ನು ಕಂಡೊಡನೆ ನಗುವನ್ನು ನುಂಗಿಕೊಂಡ. "ಯಾಕೆ ಎದ್ದೆ?" ಎಂದು ಗಡಿಬಿಡಿಯಿಂದ ಮಗುವನ್ನು ಅಮ್ಮನ ಮಡಿಲಲ್ಲಿಟ್ಟು, "ಕೆಳಗೆ ಕೆಲಸ ಇದೆ," ಎಂದು ಮೆಟ್ಟಿಲಿಳಿದು ಹೋದ.

'ಎಲ್ಲರ ಜೊತೆ ನಗ್ತಾನೆ. ನನ್ನೊಬ್ಬಳ ಜೊತೆ ಇಲ್ಲ... ಹೊಲಿಗೆ ಬಿದ್ದ ಹೆಂಡತಿ ಬೇಡವಾಯ್ತಾ?'

ಅವಳು ಹಾಸಿಗೆಗೆ ಮರಳಿ, ಗೋಡೆಯ ಕಡೆ ಮುಖ ಮಾಡಿ, ಸದ್ದಿಲ್ಲದೆ ಅತ್ತಳು. ಬಿಕ್ಕಿದರೂ ನೋಯುತ್ತಿತ್ತು, ಅದಕ್ಕೆ ಸದ್ದಿಲ್ಲದೆ.

ಮರುದಿನ ಬೆಳಿಗ್ಗೆ ನರ್ಸಮ್ಮ ಬಂದರು.

ಬಾಣಂತಿಯರ ಮನೆಗೇ ಹೋಗಿ ನೋಡಿ ಬರುವುದು ಅವರ ಕೆಲಸ. ಆಳು ಗಿಡ್ಡ, ದನಿ ಮಾತ್ರ ಮೈಕ್ ಬೇಡದ್ದು. ಕೋಣೆಗೆ ಕಾಲಿಡುವ ಮೊದಲೇ ಬಾಗಿಲಾಚೆಯಿಂದ ಗುಡುಗು ಕೇಳಿಸಿತು.

"ಏನ್ರೀ ಇದು ಬಾಗಿಲಿಗೆ?"

ಒಳಗೆ ಬಂದಾಗ ಅವರ ಕೈಯಲ್ಲಿ ಒಂದು ಹಲಗೆಯಿತ್ತು. ದಾರ ಕಟ್ಟಿದ, ಅಂಟಿನ ಕಲೆಯ ಹಳೆಯ ಹಲಗೆ. ಅವಳಿಗೆ ಅದರ ಗುರುತು ಚೆನ್ನಾಗಿತ್ತು. ಕೆಳಗೆ ವರ್ಕ್‌ಶಾಪಿನಲ್ಲಿ, ಹೊಸದಾಗಿ ಅಂಟು ಹಾಕಿದ ಕುರ್ಚಿಗೆ ಅವನು ತೂಗುಹಾಕುವ ಹಲಗೆ ಅದು.

'ಒಣಗುತ್ತಿದೆ. ಯಾರೂ ಕೂರಬೇಡಿ.'

ಆ ಬರಹದಡಿ ಸೀಮೆಸುಣ್ಣದಲ್ಲಿ ಹೊಸದಾಗಿ ಸೇರಿಸಿದ್ದ: 'ನಗಿಸಲೂಬೇಡಿ.'

ಅವಳು ಹಲಗೆಯನ್ನೇ ನೋಡಿದಳು. ಮನೆಗೆ ಬಂದಾಗಿನಿಂದ ಬಾಗಿಲ ಹೊರಮುಖವನ್ನು ಅವಳು ನೋಡಿಯೇ ಇರಲಿಲ್ಲ.

"ಅತ್ತೆ... ಇದು?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ನನ್ನ ಕೇಳ್ಬೇಡಮ್ಮ. ನೋಡಲು ಬಂದವರನ್ನೆಲ್ಲ ಹೊರಗೇ ನಿಲ್ಸಿ, 'ಒಳಗೆ ತಮಾಷೆ ಮಾತಾಡಬಾರದು' ಅಂತ ಪ್ರಮಾಣ ಮಾಡಿಸ್ತಿದ್ದ. ನಿನ್ನ ಚಿಕ್ಕಮ್ಮ ಬಂದಾಗ 'ನೀವು ಸುಮ್ನೆ ನಿಂತರೂ ನಗು ಬರುತ್ತೆ, ಆಮೇಲೆ ಬನ್ನಿ' ಅಂತ ವಾಪಸ್ಸು ಕಳಿಸಿದ. ನನಗೂ ಅಷ್ಟೇ. ನಿನಗೆ ಹೇಳಿದ್ರೆ ನಗ್ತೀಯಾ ಅಂತ ನನ್ನ ಬಾಯಿಗೂ ಬೀಗ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ನರ್ಸಮ್ಮ ಕೈ ತೊಳೆದು ಗಾಯ ನೋಡಿದರು. "ಚೆನ್ನಾಗಿ ಕೂಡಿಕೊಳ್ತಿದೆ. ಕೆಂಪಿಲ್ಲ, ಊತ ಇಲ್ಲ, ಸೋರ್ತಿಲ್ಲ. ಜ್ವರಾನೂ ಇಲ್ಲ. ಮತ್ಯಾಕಮ್ಮ ಮುಖ ಹೀಗೆ ಬಾಡಿದೆ? ಎಲ್ಲಿ, ಎದ್ದು ಕೂರು ನೋಡೋಣ."

ಅವಳು ಮಲಗಿದಲ್ಲಿಂದ ನೇರವಾಗಿ ಏಳಲು ಹೋಗಿ, "ಹಾ!" ಎಂದು ಹೊಟ್ಟೆ ಹಿಡಿದುಕೊಂಡಳು.

"ಅಯ್ಯೋ, ಹೀಗಾ ಏಳೋದು! ಆಸ್ಪತ್ರೆಯಲ್ಲಿ ಹೇಳ್ಕೊಡಲಿಲ್ವಾ?"

"ಹೇಳಿದ್ರು... ಆಗ ಮಂಪರಲ್ಲಿದ್ದೆ."

"ಮೊದಲು ಮಂಡಿ ಮಡಚು. ಪಕ್ಕಕ್ಕೆ ಹೊರಳು. ಕಾಲು ಕೆಳಗೆ ಬಿಡು. ಈಗ ಕೈಯೂರಿ, ಕೈಯ ಬಲದಲ್ಲಿ ಏಳು. ಹೊಟ್ಟೆಗೆ ರಜೆ ಕೊಡು."

ಅವಳು ಹಾಗೇ ಎದ್ದಳು. ನೋವು ಇತ್ತು, ಆದರೆ ಇದು ಕತ್ತರಿಯ ನೋವಲ್ಲ. ಅವಳ ಕಣ್ಣು ಅಚ್ಚರಿಯಿಂದ ಅರಳಿತು.

"ಮಾತ್ರೆ ತಗೊಳ್ತಿದ್ದೀಯಾ?"

ಅವಳ ಕಣ್ಣು ಡ್ರಾಯರಿನ ಕಡೆ ಹೋಯಿತು.

ನರ್ಸಮ್ಮ ಡ್ರಾಯರ್ ಎಳೆದರು. ಒಂದೂ ಮಾತ್ರೆ ಕಡಿಮೆಯಾಗದ ಹಾಳೆ ಹೊಳೆಯುತ್ತಿತ್ತು.

"ಹಾಲಲ್ಲಿ ಮಗುವಿಗೆ ಹೋಗುತ್ತೆ ಅಂತ ನಮ್ಮ ಅಂಗಡಿಗೆ ಬಂದವರೊಬ್ಬರು ಹೇಳಿದ್ರು..." ಅವಳು ತೊಟ್ಟಿಲ ಕಡೆ ನೋಡಿದಳು.

"ಏನಂದೆ?!"

ಆ ಕೂಗು ನರ್ಸಮ್ಮನದಲ್ಲ. ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡನದು. ಪಾತ್ರೆ ಕೆಳಗಿಟ್ಟು ಒಳಗೆ ಬಂದ. "ಕೇಳಿದಾಗಲೆಲ್ಲ ನೋವಿಲ್ಲ ಅಂದೆಯಲ್ಲ! ಮಾತ್ರೇನೇ ನುಂಗದೆ ಸುಮ್ನೆ ಮಲಗಿದ್ಯಾ?"

"ನೀನು ನೆಲಾನ ಕೇಳ್ತಿದ್ದೆ!" ಅವಳ ಕಟ್ಟೆಯೂ ಒಡೆಯಿತು. "ನನ್ನ ಮುಖ ನೋಡಿ ಕೇಳಿದ್ರೆ ಹೇಳ್ತಿದ್ದೆ. ನೀನು ನನ್ನ ಕಡೆ ನೋಡೋದನ್ನೇ ಬಿಟ್ಟೆ. ಮಾತಿಲ್ಲ, ನಗು ಇಲ್ಲ. ಮಗಳಿಗೆ ಹೆಸರಿಟ್ಟಿದ್ದು ಗೋಡೆಯಾಚೆಯಿಂದ ಕೇಳಿಸ್ಕೊಂಡೆ ನಾನು! ಅವತ್ತು ಪಟ್ಟಿ ಬಿಚ್ಚಿದಾಗ ಮುಖ ತಿರುಗಿಸಿದ್ಯಲ್ಲ, ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ? ನನ್ನ ಹೊಟ್ಟೆ ಮೇಲೆ ಗೆರೆ ಬಿತ್ತು ಅಂತ... ನಾನು ಬೇಡವಾದ್ನಾ?"



ಅವನು ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತ. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಒರೆಸಿದಷ್ಟೂ ಅದು ಮಸುಕಾಗುತ್ತಿತ್ತು, ಯಾಕೆಂದರೆ ಒದ್ದೆಯಾಗಿದ್ದು ಕನ್ನಡಕವಲ್ಲ.

"ಅವತ್ತು ವಾರ್ಡಲ್ಲಿ... ನನ್ನ ಮಾತಿಗೆ ನೀನು ನಕ್ಕೆ. ನಕ್ಕು ಕಿರುಚಿದೆ. ಆ ಕೂಗು ಕೇಳಿ ನನ್ನ ಜೀವವೇ ಹೋಯ್ತು ಕಣೇ. ನಿನಗೆ ಕೊಡೋಕೆ ನನ್ನ ಹತ್ರ ಇದ್ದದ್ದು ಅದೊಂದೇ, ನಗಿಸೋದು. ಅದೇ ನಿನ್ನನ್ನ ಹಾಗೆ ನೋಯಿಸ್ತು. ಅಂಟು ಹಸಿ ಇರೋ ಕುರ್ಚೀನ ಅಲ್ಲಾಡಿಸಿದ್ರೆ ಕೀಲು ಬಿಟ್ಕೊಳ್ಳುತ್ತೆ. ಒಣಗೋ ತನಕ ಮುಟ್ಟಬಾರದು. ನನಗೆ ಗೊತ್ತಿರೋದು ಅಷ್ಟೇ. ನಿನ್ನ ಮುಖ ನೋಡಿದ್ರೆ ನನ್ನ ಬಾಯಿ ಸುಮ್ನಿರಲ್ಲ. ಅದಕ್ಕೇ ನೋಡ್ಲಿಲ್ಲ."

"ಮತ್ತೆ... ಆ ಗೆರೆ?"

"ಅದಾ..." ಅವನು ಮೂಗೊರೆಸಿಕೊಂಡ. "ನಿಜ ಹೇಳ್ಲಾ? ಅಳು ಬಂತು. ನೀನು ನೋಡಿ ಹೆದರ್ತೀಯಾ ಅಂತ ಗೋಡೆ ಕಡೆ ತಿರುಗಿದೆ. ಅಳು ನಿಂತ ಮೇಲೆ ಅಸೂಯೆ ಆಯ್ತು. ಎಷ್ಟು ನೇರ ಹೊಲಿದಿದ್ದಾರೆ ಕಣೇ! ಇಷ್ಟು ವರ್ಷದಲ್ಲಿ ನಾನು ಒಂದು ಸೋಫಾಗೂ ಅಷ್ಟು ನೇರ ಹಾಕಿಲ್ಲ."

"ಅದು ನಿಜ," ಅಂದರು ಅತ್ತೆ. "ನನ್ನ ಕುರ್ಚಿ ನೋಡಿದ್ರೇ ಗೊತ್ತಾಗುತ್ತೆ."

ನರ್ಸಮ್ಮ ಮೊದಲು ಸ್ಫೋಟಿಸಿದರು. ಹಲಗೆಯನ್ನು ಎದೆಗೊತ್ತಿಕೊಂಡು, ಕುರ್ಚಿಯ ಮೇಲೆ ಕುಸಿದು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅತ್ತೆಯೂ ಸೇರಿದರು. ಮಂಚದ ಮೇಲಿದ್ದವಳ ತುಟಿ ಅದುರಿತು. ಇನ್ನೇನು ನಗು ಉಕ್ಕಿಬಿಡುತ್ತದೆ!

"ಬೇಡ! ಬೇಡ!" ಅವನು ಗಾಬರಿಯಿಂದ ಎದ್ದ.

"ನೀವು ಸುಮ್ನಿರಿ!" ನರ್ಸಮ್ಮ ಮಂಚದ ಮೇಲಿನ ದಿಂಬನ್ನು ಕಸಿದು ಅವಳ ಹೊಟ್ಟೆಗಿಟ್ಟು, ಅವಳ ಎರಡೂ ಕೈಗಳನ್ನು ಅದರ ಮೇಲಿಟ್ಟರು. "ಮಂಡಿ ಮಡಚಿ, ಹೊಲಿಗೆ ಮೇಲೆ ಹೀಗೆ ಮೆತ್ತಗೆ ಒತ್ತಿ ಹಿಡ್ಕೋ. ಈಗ ನಗು!"

ಅವಳು ನಕ್ಕಳು.

ನೋಯಿತು. ಆದರೆ ತಡೆದುಕೊಳ್ಳುವಷ್ಟೇ ನೋಯಿತು. ದಿಂಬು ಒಳಗಿನಿಂದ ಎದ್ದ ಅಲೆಯನ್ನು ಅಪ್ಪಿ ಹಿಡಿದಂತಿತ್ತು. ಅವಳು ದಿಂಬನ್ನೊತ್ತಿ ಹಿಡಿದು, ಕಣ್ಣೀರು ಸುರಿಸುತ್ತ, ಇನ್ನಷ್ಟು ನಕ್ಕಳು. ಇಷ್ಟು ದಿನ ಬಾಕಿ ಉಳಿದ ನಗುವೆಲ್ಲ ಬಂದುಬಿಟ್ಟಿತು.

"ಕೆಮ್ಮುವಾಗಲೂ ಹೀಗೇ, ಸೀನುವಾಗಲೂ ಹೀಗೇ," ಅಂದರು ನರ್ಸಮ್ಮ. "ಮತ್ತೆ ಕೇಳಮ್ಮ. ಈ ಮಾತ್ರೆ ಹಾಲು ಕುಡಿಸೋ ತಾಯಂದಿರಿಗೆ ಅಂತಲೇ ಡಾಕ್ಟರು ನೋಡಿ ಕೊಟ್ಟಿದ್ದು. ಹಾಲಿಗೆ ಹೋಗೋದು ತೀರಾ ಅಲ್ಪ, ಮಗುವಿಗೆ ತೊಂದರೆ ಇಲ್ಲ. ಅನುಮಾನ ಇದ್ರೆ ನಮ್ಮನ್ನ ಕೇಳಬೇಕು, ಅಂಗಡಿಗೆ ಬಂದವರನ್ನಲ್ಲ. ನೋವು ಬೆಟ್ಟ ಆಗೋ ತನಕ ಕಾಯಬೇಡ. ಹೇಳಿದ ಹೊತ್ತಿಗೆ ತಗೋ, ಹೇಳಿದ್ದಕ್ಕಿಂತ ಹೆಚ್ಚು ತಗೋಬೇಡ. ತಾಯಿ ನೋವು ನುಂಗಿದ್ರೆ ಮಗು ಬೆಳೆಯುತ್ತೆ ಅಂತ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ."

ಆಮೇಲೆ ಅವನ ಕಡೆ ತಿರುಗಿದರು. "ನೀವು! ಇದು ಕುರ್ಚಿಯಲ್ಲ, ಮನುಷ್ಯರ ಮೈ. ಅಲ್ಲಾಡದೇ ಇದ್ರೇ ಕಷ್ಟ. ದಿನಾ ಮನೆಯೊಳಗೇ ಸ್ವಲ್ಪ ಸ್ವಲ್ಪ ಓಡಾಡಿಸಿ. ಮಗುಗಿಂತ ಭಾರದ್ದು ಎತ್ತೋದು ಬೇಡ. ಜ್ವರ ಬಂದ್ರೆ, ಗಾಯ ಕೆಂಪಾದ್ರೆ, ಸೋರಿದ್ರೆ, ನೋವು ಇಳಿಯೋ ಬದಲು ಏರಿದ್ರೆ ತಕ್ಷಣ ಫೋನ್ ಮಾಡಿ. ತಿಳೀತಾ?"

"ತಿಳೀತು."

"ನಗಿಸಬಹುದು. ದಿಂಬು ಕೈಯಲ್ಲಿದ್ದಾಗ."

ಹೋಗುವಾಗ ಹಲಗೆಯನ್ನು ಜೊತೆಗೇ ಒಯ್ದರು. "ನಮ್ಮ ಆಫೀಸಲ್ಲಿ ತೋರಿಸ್ಬೇಕು. ಕೊಡಲ್ಲ!"

ಅವಳು ಮಾತ್ರೆ ನುಂಗಿ ಸ್ವಲ್ಪ ಹೊತ್ತು ಮಲಗಿದಳು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಒಮ್ಮೆ ಟರ್ರ್ ಎಂದು ಓಡುತ್ತಿತ್ತು, ಒಮ್ಮೆ ತಟ್ಟನೆ ನಿಲ್ಲುತ್ತಿತ್ತು. ಆ ಸದ್ದು ಕೇಳುತ್ತ ಅವಳಿಗೆ ಎಷ್ಟೋ ದಿನದ ಮೇಲೆ ಹಗುರವಾದ ನಿದ್ದೆ ಬಂತು.

ಎದ್ದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಕೈಯೂರಿ ಕೂತಳು. ತೊಟ್ಟಿಲಿನಿಂದ ಮಗಳನ್ನು ಅವನು ಎತ್ತಿ ಅವಳ ತೋಳಿಗೆ ಕೊಟ್ಟ. ಗುಂಡುಸೂಜಿ ಹಾಲು ಕುಡಿದು, ತೇಗಿ, ಅಲ್ಲೇ ಅವಳ ತೋಳಿನಲ್ಲೇ ನಿದ್ದೆ ಹೋಯಿತು. ಅವಳು "ಅತ್ತೆ..." ಎಂದು ಕರೆಯಲಿಲ್ಲ. ಕರೆಯಬೇಕಾಗಲಿಲ್ಲ.

"ನೋವಿದೆಯಾ?" ಅವನು ಕೇಳಿದ. ಈ ಸಲ ಅವಳ ಮುಖ ನೋಡಿಕೊಂಡು.

"ಇದೆ," ಅಂದಳು. "ಸ್ವಲ್ಪ. ಬೆಳಿಗ್ಗೆಗಿಂತ ಕಡಿಮೆ. ನೀನು ನೋಡಿ ಕೇಳಿದೆಯಲ್ಲ, ಅದಕ್ಕೆ ನಿಜ ಹೇಳ್ತಿದ್ದೀನಿ."

"ಇನ್ಮೇಲೆ ದಿನಾ ನೋಡಿ ಕೇಳ್ತೀನಿ."

"ನೋವು ಹೋದ ಮೇಲೆ?"

"ಆಮೇಲೂ ನೋಡ್ತೀನಿ. ಕೇಳೋಕೆ ಬೇರೆ ಏನಾದ್ರೂ ಹುಡುಕ್ತೀನಿ."

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಅದರ ಹಿಂದೆ ಬಚ್ಚಿಟ್ಟಿದ್ದ ಒಂದು ಪುಟ್ಟ ದಿಂಬನ್ನು ತೆಗೆದು ಅವಳ ಕೈಗಿಟ್ಟ. ಹಸಿರು ಮಖಮಲ್ಲು. ಎರಡೂ ಬದಿಗೆ ಕೈ ತೂರಿಸಿಕೊಳ್ಳಲು ಪಟ್ಟಿ. ಅವಳ ಹೊಟ್ಟೆಗೆ ಅಳತೆ ತೆಗೆದಂತಿತ್ತು.

ಅವಳು ಬಟ್ಟೆಯ ಮೇಲೆ ಬೆರಳಾಡಿಸಿದಳು. "ಇದು... ನಮ್ಮ ಅಂಗಡಿ ಕುರ್ಚೀದು!"

"ಅವತ್ತು ಉಳಿದ ತುಂಡು. ಎತ್ತಿಟ್ಟಿದ್ದೆ. ಯಾಕೆ ಅಂತ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು."

ಅವಳು ದಿಂಬನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಕಣ್ಣು ಕಿರಿದಾಯಿತು.

"ಸೋಫಾ ಸಾಹೇಬ್ರೇ..."

"ಏನು ಕನ್ನಡಕ?"

"ಈ ಬದಿ ಹೊಲಿಗೆ ಸೊಟ್ಟಗಿದೆ."

"ಹೌದಾ?"

"ನಿಮಗೆ ಕಣ್ಣು ಪರೀಕ್ಷೆ ಆಗ್ಬೇಕು."

ಅವನು ಅವಳ ಪಕ್ಕ ಮಂಚದ ಮೇಲೆ, ಹಾಸಿಗೆ ಅಲುಗದಂತೆ ಮೆಲ್ಲಗೆ ಕೂತ. "ಒಂದು ಮಾತು ಹೇಳ್ಬೇಕು. ಇಷ್ಟು ವರ್ಷ ಹೇಳಿಲ್ಲ. ಅವತ್ತು ಆ ಕುರ್ಚಿ ಹೊಲಿಗೆ ಸೊಟ್ಟಗಾಗಿದ್ದು ಕಣ್ಣಿನ ತೊಂದರೆಯಿಂದ ಅಲ್ಲ."

"ಮತ್ತೆ?"

"ಕಣ್ಣು ಬಟ್ಟೆ ಮೇಲೆ ಇರಲಿಲ್ಲ. ಎದುರು ಕೌಂಟರಿನಲ್ಲಿದ್ದವಳ ಮೇಲಿತ್ತು."

ಅವಳ ಕೆನ್ನೆ ಕೆಂಪಾಯಿತು. "ಅದು ಅವತ್ತು. ಇವತ್ತು ನಾನು ಎದುರಿಗಿರಲಿಲ್ವಲ್ಲ? ನೀನು ಕೆಳಗಿದ್ದೆ, ನಾನು ಮೇಲೆ ಮಲಗಿದ್ದೆ!"

"ಅದಕ್ಕೇ ಇನ್ನೂ ಸೊಟ್ಟ. ಎರಡು ಹೊಲಿಗೆ ಹಾಕೋದು, ಮೇಲೆ ಓಡಿ ಬಂದು ನೋಡೋದು... ಎರಡು ಹೊಲಿಗೆ ಹಾಕೋದು, ಮತ್ತೆ ಓಡಿ ಬರೋದು..."

ಹೊಲಿಗೆ ಯಂತ್ರ ಮತ್ತೆ ಮತ್ತೆ ತಟ್ಟನೆ ನಿಲ್ಲುತ್ತಿದ್ದುದು ಅವಳಿಗೆ ನೆನಪಾಯಿತು. ಕಣ್ಣು ತುಂಬಿತು, ತುಟಿ ಅದುರಿತು.

"ನಗು ಬರ್ತಿದೆಯಾ?" ಅವನು ಹೆದರುತ್ತಲೇ ಕೇಳಿದ.

ಅವಳು ಪಟ್ಟಿಗಳಲ್ಲಿ ಕೈ ತೂರಿಸಿ, ಮಂಡಿ ಮಡಚಿ, ಹಸಿರು ದಿಂಬನ್ನು ಹೊಟ್ಟೆಗೆ ಮೆತ್ತಗೆ ಒತ್ತಿ ಹಿಡಿದಳು.

"ಹ್ಞೂಂ," ಅಂದಳು. "ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ. ಮುಂದೆ ಹೇಳು."